ಒಬ್ಬರೇ ವ್ಯಾಪಾರ ನಡೆಸುವವರಿಗೆ ಒಂದು ಮಾತು: ಮೊದಲು ಒಬ್ಬ ವರ್ಚುವಲ್ ಅಸಿಸ್ಟೆಂಟ್ ಇಟ್ಟುಕೊಳ್ಳಿ

ಮನೆಯಿಂದಲೇ ಸೀರೆ, ಖಣ (ಕುಪ್ಪಸದ ಬಟ್ಟೆ), ರೊಟ್ಟಿ, ಶೇಂಗಾ ಚಟ್ನಿ ಮಾರುವ ನನ್ನ ಗೆಳತಿಯರ ಬಾಯಲ್ಲಿ ಈಗ ಒಂದೇ ಮಾತು: "ಮಾಲು ಮಾಡೂದು ದೊಡ್ಡದಲ್ಲ, ಮೆಸೇಜಿಗೆ ಉತ್ತರಾ ಕೊಟ್ಟು ಕೊಟ್ಟು ಸಾಕಾಗಿ ಹೋಗೇತಿ." ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇವತ್ತು ಒಂದೇ ಕಡೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ವರ್ಚುವಲ್ ಅಸಿಸ್ಟೆಂಟ್ ಅಂದರೆ ಯಂತ್ರವಲ್ಲ, ಆ್ಯಪ್ ಅಲ್ಲ. ತನ್ನ ಊರಲ್ಲಿ, ತನ್ನ ಮನೆಯಲ್ಲಿ ಕೂತು ಫೋನು, ಲ್ಯಾಪ್‌ಟಾಪ್ ಮೂಲಕ ನಿಮ್ಮ ಕಚೇರಿ ಕೆಲಸ ಮಾಡಿಕೊಡುವ ಮನುಷ್ಯರು. ಬೆಂಗಳೂರಿನ ಸ್ಟಾರ್ಟಪ್‌ನವರಿಗೆ, ಅಮೆರಿಕದ ಕಂಪನಿಗಳಿಗೆ ಮಾತ್ರ ಇದೆಲ್ಲ ಅಂತ ನಮ್ಮ ಕಡೆ ಒಂದು ಭಾವನೆ ಇದೆ. ಅದು ತಪ್ಪು. ಇಪ್ಪತ್ತು ಜನ ಕೆಲಸಗಾರರಿರುವ ಕಂಪನಿಗಿಂತ ಒಬ್ಬರೇ ಎಲ್ಲವನ್ನೂ ಮಾಡುವ ನಮ್ಮಂಥವರಿಗೇ ಇದರ ಅಗತ್ಯ ಜಾಸ್ತಿ.

ನನ್ನದು ಬಾಗಲಕೋಟೆಯಿಂದ ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ವ್ಯಾಪಾರ. ಅಂಗಡಿ ಇಲ್ಲ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್, ಕೊರಿಯರ್, ಇಷ್ಟೇ. ಈ ಮಾಲಿನ ಸ್ವಭಾವ ತಿಳಿದರೆ ನಾನು ಹೇಳುವುದು ಸರಿಯಾಗಿ ಅರ್ಥವಾಗುತ್ತದೆ. ಇಳಕಲ್ ಸೀರೆಯ ಮೈ ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ. ಮೈಯ ಹಾಸಿನ (ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ನೂಲಿನ) ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಟೋಪು ತೆನೆ ಅನ್ನುವ ಈ ಸೆರಗು ಬೇಕೆಂದರೆ ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ತಯಾರಾಗಬೇಕು. "ಇದೇ ಸೀರೆ, ಇದೇ ದಡಿ (ಅಂಚು), ಬಣ್ಣ ಮಾತ್ರ ನವಿಲು ಹಸಿರು, ನಾಳೆ ಕಳಿಸಿ" ಅಂತ ಗ್ರಾಹಕರು ಕೇಳಿದರೆ ಹೂಂ ಅನ್ನುವ ಹಾಗಿಲ್ಲ. ಯಾವ ಮಗ್ಗದ ಮೇಲೆ ಯಾವ ಬಣ್ಣದ ಹಾಸು ಇದೆ, ಯಾರ ಮನೆಯಲ್ಲಿ ಮದುವೆಯಿದೆ, ಯಾರು ಈ ವಾರ ನೇಯುವುದಿಲ್ಲ, ಎಲ್ಲ ಗೊತ್ತಿರಬೇಕು. ನೇಕಾರರ ಮನೆಗೆ ಹೋಗಿ, ಕುಣಿಮಗ್ಗದ (ಕುಣಿಯಲ್ಲಿ ಕಾಲಿಳಿಸಿ ನೇಯುವ ಮಗ್ಗದ) ಪಕ್ಕ ಕೂತು ಮಾತಾಡದೆ ಅದು ಗೊತ್ತಾಗುವುದಿಲ್ಲ. ಅಲ್ಲಿ ಕೂತಾಗಲೇ ಫೋನು ಟಿಂಗ್ ಟಿಂಗ್ ಅನ್ನುತ್ತಿರುತ್ತದೆ: ಪ್ರೈಸ್ ಪ್ಲೀಸ್, ಪ್ರೈಸ್ ಪ್ಲೀಸ್.

ನನ್ನ ವ್ಯಾಪಾರದಲ್ಲಿ ನಾನೇ ಮಾಡಬೇಕಾದ ಕೆಲಸ ಮೂರೇ: ನೇಕಾರರ ಜೊತೆ ಮಾತು, ಮಾಲಿನ ಪರೀಕ್ಷೆ, ದರ ನಿಗದಿ. ಉಳಿದಿದ್ದೆಲ್ಲ ಇನ್ನೊಬ್ಬರು ಮಾಡಬಹುದಾದ ಕೆಲಸ. ಆದರೆ ದಿನದ ಬಹುಪಾಲು ತಿನ್ನುತ್ತಿದ್ದದ್ದು ಆ ಉಳಿದ ಕೆಲಸವೇ.

ಈಗ ನನ್ನ ಜೊತೆ ಇರುವಾಕೆ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಬಿ.ಕಾಂ. ಓದಿದ್ದಾಳೆ, ಸಣ್ಣ ಮಗು ಇದೆ, ದಿನಾ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುವ ನೌಕರಿ ಅವಳಿಗೆ ಆಗದು. ಬೆಳಿಗ್ಗೆ ಹತ್ತರಿಂದ ಒಂದು, ಮತ್ತೆ ಮಗು ಮಲಗಿದ ಮೇಲೆ ರಾತ್ರಿ ಎಂಟರಿಂದ ಹತ್ತು. ಈ ವೇಳೆ ಆರಿಸಿಕೊಂಡಿದ್ದು ಅವಳೇ. ನನಗೂ ಅನುಕೂಲವಾಯಿತು, ಯಾಕೆಂದರೆ ನೌಕರಿ ಮಾಡುವ ಹೆಣ್ಣುಮಕ್ಕಳು ಸೀರೆ ನೋಡುವುದು ರಾತ್ರಿ ಊಟವಾದ ಮೇಲೆಯೇ. ಅಮೆರಿಕದಲ್ಲಿರುವ ನಮ್ಮವರಿಗೆ ಅದು ಬೆಳಗಿನ ಹೊತ್ತು.

ಶುರುವಿನಲ್ಲಿ ಅವಳಿಗೆ ಸೀರೆಯ ವಿಷಯ ಅಷ್ಟಾಗಿ ತಿಳಿಯದು. "ಅಕ್ಕಾ, ಚಿಕ್ಕಿ ಪರಾಸಿಗೂ ಕಡ್ಡಿ ಪರಾಸಿಗೂ ಫೋಟೋದಾಗ ಹೆಂಗ ಗುರ್ತು ಹಿಡೀಲಿ?" ಅಂತ ದಡಿಯ ನಮೂನೆಗಳ ಬಗ್ಗೆ ಕೇಳುತ್ತಿದ್ದಳು. ನಾನು ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ. ಅವಳು ಅದನ್ನು ಕೇಳಿ ಸುಮ್ಮನಾಗುತ್ತಿರಲಿಲ್ಲ, ಕೂತು ಬರೆದಿಡುತ್ತಿದ್ದಳು. ಗೋಮಿ ದಡಿ, ಗಾಡಿ ದಡಿ, ಆರು ವಾರಿ (ಗಜ), ಒಂಬತ್ತು ವಾರಿ, ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿಯೇ ತೊಳೆಯಬೇಕು ಅನ್ನುವುದು, ಕೈಮಗ್ಗ ಯಾವುದು ಪವರ್‌ಲೂಮ್ ಯಾವುದು ಅಂತ ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಉತ್ತರ, ಎಲ್ಲವೂ ಅದರಲ್ಲಿದೆ. ಇಷ್ಟು ವರ್ಷ ನನ್ನ ತಲೆಯಲ್ಲಿ ಮಾತ್ರ ಇದ್ದ ವ್ಯಾಪಾರ ಕಾಗದಕ್ಕೆ ಬಂತು. ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದರೂ ಈಗ ಆರ್ಡರ್ ನಿಲ್ಲುವುದಿಲ್ಲ. ಖರ್ಚು ಉಳಿಯಿತು, ಸಮಯ ಉಳಿಯಿತು ಅನ್ನುವುದೆಲ್ಲ ನಿಜವೇ, ಆದರೆ ಈ ಲಾಭದ ಮುಂದೆ ಅವೆಲ್ಲ ಆಮೇಲಿನ ಮಾತು.

ಒಂದು ಗೂಗಲ್ ಶೀಟ್ ಮಾಡಿದ್ದಾಳೆ. ಸೀರೆಯ ನಂಬರು, ಮೈಬಣ್ಣ, ದಡಿ, ಸೆರಗು, ಎಷ್ಟು ವಾರಿ, ಯಾರು ನೇಯ್ದಿದ್ದು, ಕೊನೆಗೆ ಒಂದು ಕಾಲಂ: "ಕೈಯಲ್ಲಿದೆ", "ಮಗ್ಗದ ಮೇಲಿದೆ", "ಹೋಯಿತು". ನಾನು ಇಳಕಲ್ಲಿನಿಂದ ಒಂದು ಫೋಟೋ ಹಾಕಿದರೆ ಅರ್ಧ ಗಂಟೆಯಲ್ಲಿ ಅದು ಶೀಟಿಗೂ ವಾಟ್ಸ್‌ಆ್ಯಪ್ ಕ್ಯಾಟಲಾಗಿಗೂ ಏರಿರುತ್ತದೆ. ಪಾರ್ಸೆಲ್ ಕಟ್ಟುವ ಮೊದಲು ಪಿನ್‌ಕೋಡ್ ವಿಳಾಸಕ್ಕೆ ಹೊಂದುತ್ತದೋ ಇಲ್ಲವೋ ನೋಡುತ್ತಾಳೆ, ಅನುಮಾನ ಬಂದರೆ ಫೋನು ಮಾಡಿ ಕೇಳುತ್ತಾಳೆ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ವಿಳಾಸ ತಪ್ಪಾಗಿ ಪಾರ್ಸೆಲ್ ವಾಪಸ್ ಬಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೇ, ಮೇಲೆ ಮಡಿಕೆ ಕೆಟ್ಟ ಸೀರೆ ಬೇರೆ. ನಾವು ಜಿಎಸ್‌ಟಿ ರಿಟರ್ನ್ ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು. ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1ಕ್ಕೆ ಆ ಮೂರು ತಿಂಗಳು ಮುಗಿದ ಮೇಲಿನ ತಿಂಗಳ 13 ಕೊನೆಯ ದಿನ. ಬಿಲ್ಲುಗಳೆಲ್ಲ ಅದಕ್ಕೆ ಮುಂಚೆಯೇ ಸಾಲಾಗಿ ಅಕೌಂಟೆಂಟ್ ಕೈಗೆ ಹೋಗಿರುತ್ತವೆ.

"ಚಾಟ್‌ಬಾಟ್ ಹಾಕಿಸಿದರೆ ಆಗಲ್ವಾ, ಸಂಬಳ ಕೊಡೋದು ತಪ್ಪುತ್ತೆ" ಅಂತ ಕೇಳುವವರಿದ್ದಾರೆ. "ಎಷ್ಟೊತ್ತಿನವರೆಗೆ ಉತ್ತರ ಸಿಗುತ್ತೆ" ಅನ್ನುವ ಪ್ರಶ್ನೆಗೆ ಅದು ಸಾಕು, ನಾವೂ ಅಷ್ಟಕ್ಕೆ ಆಟೋಮ್ಯಾಟಿಕ್ ಮೆಸೇಜ್ ಇಟ್ಟಿದ್ದೇವೆ. ಆದರೆ ಮೊನ್ನೆ ಪುಣೆಯಿಂದ ಒಬ್ಬರು ಮಾಸಿದ ಫೋಟೋ ಒಂದನ್ನು ಕಳಿಸಿ, "ಅವ್ವ ಉಡತಿದ್ದಂಥಾದ್ದು ಸಿಗತೈತೇನ್ರಿ?" ಅಂತ ಕೇಳಿದರು. ಫೋಟೋದಲ್ಲಿ ಬಣ್ಣವೇ ಕಾಣುವುದಿಲ್ಲ. ಇವಳು ದರ ಹೇಳಲು ಹೋಗಲಿಲ್ಲ. "ಅವ್ವಾರು ಒಂಬತ್ತು ವಾರಿ ಉಡತಿದ್ರೇನ್ರಿ? ಸೀರಿ ಮೈಬಣ್ಣ ನಿಮಗ ನೆನಪೈತೇನು?" ಅಂತ ಕೇಳಿದಳು. ಅವರು ಮೆಸೇಜ್ ಬಿಟ್ಟು ಫೋನೇ ಮಾಡಿದರು, ಬಹಳ ಹೊತ್ತು ಅವ್ವನ ಬಗ್ಗೆಯೇ ಮಾತಾಡಿದರು. ಆಮೇಲೆ ಆ ಸೀರೆಗೆ ಹಾಸು ಹಾಕಿಸಿದೆವು. ಇಂಥ ಮಾತಿಗೆ ಮನುಷ್ಯರೇ ಬೇಕು, ಅದೂ ನಮ್ಮ ಮಾತು ಬಲ್ಲವರು.

ಭಯ ಇರುವುದು ದುಡ್ಡಿನ ವಿಷಯಕ್ಕೆ. "ಕಣ್ಣಿಗೆ ಕಾಣದವರ ಕೈಗೆ ವ್ಯಾಪಾರ ಹೆಂಗ ಕೊಡೂದು?" ನ್ಯಾಯವಾದ ಪ್ರಶ್ನೆ. ಕೊಡಬೇಕಾದದ್ದು ಕೆಲಸವನ್ನು, ಬೀಗದ ಕೈಯನ್ನಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ಸಿನಲ್ಲಿ ನಿಮ್ಮ ಫೋನಿನ ಜೊತೆ ನಾಲ್ಕು ಸಾಧನಗಳನ್ನು ಲಿಂಕ್ ಮಾಡಬಹುದು. ಅವಳ ಲ್ಯಾಪ್‌ಟಾಪ್ ಅದರಲ್ಲಿ ಒಂದು. ಬೇಡವೆಂದರೆ ನಿಮ್ಮ ಫೋನಿನಿಂದಲೇ ಅದನ್ನು ತೆಗೆದುಹಾಕಬಹುದು. ಯುಪಿಐ ಪಿನ್, ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ ಯಾವತ್ತೂ ಯಾರಿಗೂ ಕೊಡಕೂಡದು, ಕೊಡುವ ಅಗತ್ಯವೂ ಇಲ್ಲ. ದುಡ್ಡು ಬಂದಿದೆಯೋ ಇಲ್ಲವೋ ಅಂತ ಖಾತೆ ನೋಡಿ ಶೀಟಿನಲ್ಲಿ ಟಿಕ್ ಹಾಕುವುದು ನಾನೇ. ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು ಅವರು ನಂಬಿ ಕೊಟ್ಟಿದ್ದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಅದನ್ನೆಲ್ಲ ಹೊರಗೆ ಬಿಡಬಾರದು ಅಂತ ಒಂದು ಪುಟದ ಒಪ್ಪಂದ ಬರೆದು ಇಬ್ಬರೂ ಸಹಿ ಹಾಕಿದ್ದೇವೆ.

ಇನ್ನು ಸಂಬಳ. ಇಲ್ಲಿ ನನಗೆ ಸಿಟ್ಟು ಬರುತ್ತದೆ. "ಮನ್ಯಾಗ ಕುಂತು ಮಾಡೂದು, ಎರಡು ಮೂರು ಸಾವಿರ ಕೊಟ್ರ ಸಾಕು" ಅನ್ನುವ ಮಾತು ಇನ್ನೊಂದು ಸಲ ನನ್ನ ಮುಂದೆ ಯಾರೂ ಆಡಬೇಡಿ. ಅವಳು ಅಂಗಡಿಗೆ ಬಂದು ಕೂತಿದ್ದರೆ ನೀವು ಬಾಡಿಗೆ, ಟೇಬಲ್ಲು, ಕರೆಂಟು ಬಿಲ್ಲು ಕಟ್ಟುತ್ತಿದ್ದಿರಿ. ಆ ಖರ್ಚು ಉಳಿದಿರುವುದು ಅವಳು ತನ್ನ ಮನೆ, ತನ್ನ ಇಂಟರ್‌ನೆಟ್ಟು ಬಳಸುತ್ತಿರುವುದರಿಂದ. ತಿಂಗಳ ಒಂದನೇ ತಾರೀಕು ಖಾತೆಗೆ ಸಂಬಳ ಹೋಗಬೇಕು. ಅವಳು ಹೇಳಿದ ವೇಳೆಯ ಹೊರಗೆ ಫೋನು ಮಾಡಬಾರದು. ದೀಪಾವಳಿಗೆ ಅವಳಿಗೂ ಹಬ್ಬ ಇರುತ್ತದೆ, ಕೈಗೆ ಏನಾದರೂ ಜಾಸ್ತಿ ಸೇರಬೇಕು. ನಮ್ಮ ಜಿಲ್ಲೆಗಳಲ್ಲಿ ಡಿಗ್ರಿ ಮುಗಿಸಿ, ಮದುವೆಯಾಗಿ, ಮನೆಯಲ್ಲಿ ಉಳಿದ ಎಷ್ಟು ಜನ ಜಾಣ ಹೆಣ್ಣುಮಕ್ಕಳಿದ್ದಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಅವರಿಗೆ ಬೇಕಾಗಿರುವುದು ಕೆಲಸ, ಅದಕ್ಕೆ ತಕ್ಕ ದುಡ್ಡು.

ದಿನಕ್ಕೆ ನಾಲ್ಕು ಮೆಸೇಜ್ ಬರುವ ವ್ಯಾಪಾರಕ್ಕೆ ಇದೆಲ್ಲ ಸದ್ಯಕ್ಕೆ ಬೇಡ. ಉತ್ತರ ಕೊಡದೆ ಗ್ರಾಹಕರು ಕೈಬಿಟ್ಟು ಹೋಗುತ್ತಿದ್ದಾರೆ ಅನ್ನಿಸಿದಾಗ ಮಾತ್ರ ಯೋಚಿಸಿ. ಇಟ್ಟುಕೊಂಡ ಮೊದಲ ತಿಂಗಳು ನಿಮ್ಮ ಕೆಲಸ ಕಡಿಮೆಯಾಗುವುದಿಲ್ಲ, ಕಲಿಸುವ ಕೆಲಸ ಹೆಚ್ಚಾಗುತ್ತದೆ. ಅಷ್ಟು ತಾಳ್ಮೆ ಇರಲಿ.

ಎಲ್ಲಿ ಹುಡುಕೋದು ಅಂತ ಇನ್‌ಬಾಕ್ಸಿನಲ್ಲಿ ಕೇಳುವವರಿಗೆ: ದೊಡ್ಡ ಏಜೆನ್ಸಿಗಳ ಕಡೆ ಓಡುವ ಮೊದಲು ನಿಮ್ಮ ಗ್ರಾಹಕರಲ್ಲೇ ನೋಡಿ, ಹತ್ತಿರದ ಡಿಗ್ರಿ ಕಾಲೇಜಿನ ಮೇಷ್ಟ್ರನ್ನು ಕೇಳಿ, ಸ್ವಸಹಾಯ ಸಂಘದವರನ್ನು ಕೇಳಿ. ಸಿಕ್ಕವರಿಗೆ ಒಂದು ವಾರದ ಕೆಲಸ ಕೊಡಿ, ಆ ವಾರಕ್ಕೂ ದುಡ್ಡು ಕೊಡಿ. ಹಳೆಯ ಹತ್ತು ಮೆಸೇಜುಗಳನ್ನು, ಹೆಸರು ನಂಬರು ತೆಗೆದು, ಮುಂದಿಟ್ಟು ಇದಕ್ಕೆ ಏನು ಉತ್ತರ ಕೊಡುತ್ತೀರಿ ಅಂತ ಬರೆಸಿ. ಹತ್ತರಲ್ಲಿ ಎರಡಾದರೂ ಅವರಿಗೆ ಗೊತ್ತಿರಲು ಸಾಧ್ಯವಿಲ್ಲದ ಪ್ರಶ್ನೆಗಳಿರಲಿ. ಅಲ್ಲಿ ಏನೋ ಒಂದು ಹೊಂದಿಸಿ ಬರೆದವರನ್ನು ಬಿಡಿ. "ಕೇಳಿ ತಿಳಕೊಂಡು ಹೇಳತೀನ್ರಿ" ಅಂತ ಬರೆದವರನ್ನು ಇಟ್ಟುಕೊಳ್ಳಿ.