ಕಾಣದ ಲೇಪ, ಕಾಣುವ ಬಿಲ್ಲು

ಕನ್ನಡಕದ ಅಂಗಡಿಯಲ್ಲಿ ದರಪಟ್ಟಿ ನಮ್ಮ ಮುಂದೆ ಬರುವುದು ನಮ್ಮ ಕನ್ನಡಕ ಅವರ ಕೈ ಸೇರಿದ ಮೇಲೆಯೇ. ಹಳೆಯದರ ನಂಬರ್ ನೋಡಲೆಂದು ಒಬ್ಬರು ಅದನ್ನು ಯಂತ್ರದ ಬಾಯಿಗೆ ಕೊಟ್ಟಿರುತ್ತಾರೆ. ಹೊಸ ಫ್ರೇಮಿನಲ್ಲಿರುವುದು ಪವರ್ ಇಲ್ಲದ ಸಾದಾ ಪ್ಲಾಸ್ಟಿಕ್. ಅದನ್ನೇ ಮೂಗಿಗೇರಿಸಿಕೊಂಡು, ಕನ್ನಡಿಯೊಳಗಿನ ಮಸುಕು ಮುಖಕ್ಕೆ ‘ಒಪ್ಪುತ್ತದೆ’ ಎಂದು ತೀರ್ಪು ಕೊಟ್ಟು ಕುಳಿತ ಹೊತ್ತಿಗೆ ಬಣ್ಣಬಣ್ಣದ ಕಾರ್ಡೊಂದು ಮೇಜಿಗೆ ಬರುತ್ತದೆ. ಮೈನಸ್ ಐದರ ಕಣ್ಣಿನವರು ಅದನ್ನು ಓದಬೇಕಾದರೆ ಮೂಗಿನ ಹತ್ತಿರ ಹಿಡಿಯಬೇಕು. ಟೈ ಕಟ್ಟಿದ ಹುಡುಗನ ಎದುರು ಹಾಗೆ ಮಾಡಲು ಮನಸ್ಸು ಬಾರದೆ ‘ನೀವೇ ಹೇಳಿಬಿಡಿ’ ಎನ್ನುತ್ತೇವೆ. ಅಲ್ಲಿಗೆ ನಮ್ಮ ಕಥೆ ಮುಗಿಯಿತು. ಹಾರ್ಡ್ ಕೋಟ್, ಆಂಟಿಗ್ಲೇರ್, ಬ್ಲೂ ಕಟ್, ಯು.ವಿ., ನೀರು ನಿಲ್ಲದ್ದು, ಧೂಳು ಕೂರದ್ದು, ಎಣ್ಣೆ ಅಂಟದ್ದು, ಇವೆಲ್ಲ ಸೇರಿದ ಪ್ರೀಮಿಯಂ, ಅದಕ್ಕೂ ಮೇಲೊಂದು ಪ್ಲಾಟಿನಂ. ಸಹಸ್ರನಾಮ ಪೂರ್ತಿ ಕೇಳಿದ ಮೇಲೆ ಮಂಗಳಾರತಿ ತಟ್ಟೆಗೆ ಏನನ್ನೂ ಹಾಕದೆ ಏಳಲು ಹೇಗೆ ಆಗುವುದಿಲ್ಲವೋ ಇಲ್ಲಿಯೂ ಹಾಗೆಯೇ.

ಈ ವಿಷಯದಲ್ಲಿ ನಮ್ಮ ಬಳಗದಲ್ಲಿ ಎರಡು ಮತಗಳಿವೆ. ನಮ್ಮ ಭಾವನವರ ಪ್ರಕಾರ ಎಲ್ಲವೂ ಮೋಸ. ಅವರು ಸಾದಾ ಲೆನ್ಸು ಹಾಕಿಸಿ, ಉಳಿದ ದುಡ್ಡಿನಲ್ಲಿ ಮನೆಮಂದಿಗೆಲ್ಲ ಮಸಾಲೆ ದೋಸೆ ಕೊಡಿಸುತ್ತಾರೆ. ಚಿಕ್ಕಮ್ಮನ ಮಗಳು ಕಾರ್ಡಿನ ಕೊನೆಯ ಸಾಲಿಗೇ ಬೆರಳಿಟ್ಟು ‘ಕಣ್ಣಿನ ವಿಷಯದಲ್ಲಿ ಜಿಪುಣತನ ಬೇಡ’ ಎನ್ನುವವಳು. ನಾನು ಎರಡೂ ಕಡೆ ಸೇರದವನು. ಆ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಒಂದಿದೆ, ಕೇಳದಿದ್ದರೂ ಬರುವಂಥವು ಒಂದೆರಡಿವೆ, ಬೇಡವೆಂದು ಕೈಮುಗಿಯಬೇಕಾದದ್ದೂ ಒಂದಿದೆ.

ಮೋಸವಿಲ್ಲದ್ದು ಆಂಟಿಗ್ಲೇರ್. ಅದಿಲ್ಲದ ಕಾಲ ಹೇಗಿತ್ತೆಂದು ತಿಳಿಯಲು ಹಳೆಯ ಮದುವೆ ಆಲ್ಬಮ್ ತೆರೆದರೆ ಸಾಕು. ಗ್ರೂಪ್ ಫೋಟೋದ ಎರಡನೆಯ ಸಾಲಿನಲ್ಲಿ ಕರಿಕೋಟು ತೊಟ್ಟು, ಜರಿಪೇಟ ಸುತ್ತಿ ನಿಂತ ದೊಡ್ಡಪ್ಪನ ಮುಖದಲ್ಲಿ ಕಣ್ಣುಗಳಿರಬೇಕಾದ ಕಡೆ ಎರಡು ಬಿಳಿ ಬಿಲ್ಲೆಗಳು. ಫ್ಲಾಷ್ ಬೆಳಕು ಗಾಜಿಗೆ ಬಡಿದು ವಾಪಸಾದ ಫಲ. ಪಳಗಿದ ಫೋಟೋಗ್ರಾಫರುಗಳು ‘ಗದ್ದ ಸ್ವಲ್ಪ ಕೆಳಗೆ ಸಾರ್’ ಎನ್ನುತ್ತಿದ್ದುದು ಇದಕ್ಕೇ. ಕೆಲವರು ಕನ್ನಡಕವನ್ನೇ ತೆಗೆಸಿಬಿಡುತ್ತಿದ್ದರು. ಆಗ ದೊಡ್ಡಪ್ಪ ಕ್ಯಾಮೆರಾ ಎಲ್ಲಿದೆಯೆಂದು ತಿಳಿಯದೆ ಅಡುಗೆಮನೆಯ ದಿಕ್ಕಿಗೆ ನೋಡುತ್ತ ಸೆರೆಯಾಗುತ್ತಿದ್ದರು. ಲೇಪವಿಲ್ಲದ ಸಾದಾ ಲೆನ್ಸು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮುಂದಿನ ಮೈಯಿಂದ ಶೇ. 4, ಹಿಂದಿನ ಮೈಯಿಂದ ಶೇ. 4, ಒಟ್ಟು ಸುಮಾರು ಶೇ. 8ರಷ್ಟನ್ನು ಹಿಂದಿರುಗಿಸುತ್ತದೆ. ಒಳ್ಳೆಯ ಆಂಟಿಗ್ಲೇರ್ ಇದ್ದರೆ ಅದು ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಎಂಟು ಏನು ಮಹಾ ಎನ್ನಬಹುದು. ಆದರೆ ಬೆನ್ನ ಹಿಂದಿನಿಂದ ಬಂದು ಲೆನ್ಸಿಗೆ ಬಡಿದ ಬೆಳಕು ಮರಳಿ ಹೋಗುವುದು ನಮ್ಮ ಕಣ್ಣಿಗೇ. ಹಿಂದಿನ ಕಿಟಕಿ, ಟ್ಯೂಬ್‌ಲೈಟು, ಕೆಲವೊಮ್ಮೆ ನಮ್ಮದೇ ರೆಪ್ಪೆಗಳು ಓದುವ ಪುಟದ ಮೇಲೆ ತೇಲಾಡುತ್ತವೆ.

ತಮಾಷೆಯೆಂದರೆ, ಲೆನ್ಸು ದುಬಾರಿಯಾದಷ್ಟೂ ಈ ಕಾಟ ಹೆಚ್ಚು. ಸೋಡಾಬುಡ್ಡಿ ಎಂಬ ಬಿರುದಿಗೆ ಹೆದರಿ ಹೆಚ್ಚು ನಂಬರಿನವರು ತೆಳುವಾದ ಹೈ ಇಂಡೆಕ್ಸ್ ಲೆನ್ಸಿಗೆ ಹೋಗುತ್ತಾರೆ. ಬೆಳಕನ್ನು ಹೆಚ್ಚು ಬಗ್ಗಿಸಬಲ್ಲ ವಸ್ತು ಅದನ್ನು ಹೆಚ್ಚಾಗಿ ಹಿಂದಕ್ಕೂ ಎಸೆಯುತ್ತದೆ. ಇಂಡೆಕ್ಸ್ 1.67 ಇರುವ ತೆಳು ಲೆನ್ಸಿನಲ್ಲಿ ಈ ನಷ್ಟ ಶೇ. 12ರ ಹತ್ತಿರಕ್ಕೆ ಹೋಗುತ್ತದೆ. ಅಂಥ ಲೆನ್ಸಿಗೆ ದುಡ್ಡು ಸುರಿದು, ಲೇಪ ಮಾತ್ರ ಬೇಡ ಎನ್ನುವುದರಲ್ಲಿ ಅರ್ಥವಿಲ್ಲ.

ಈ ಲೇಪದ ಪೂರ್ವೋತ್ತರ ನನಗೆ ಅಚ್ಚುಮೆಚ್ಚು, ಏಕೆಂದರೆ ಅದು ಶುರುವಾದದ್ದು ಕೊಳೆಯಿಂದ. 1886ರಲ್ಲಿ ಲಾರ್ಡ್ ರ‍್ಯಾಲೆ ಎಂಬ ಇಂಗ್ಲಿಷ್ ಭೌತವಿಜ್ಞಾನಿ ಇಟ್ಟಲ್ಲೇ ಇದ್ದು ಮೈ ಮಾಸಿದ ಗಾಜುಗಳನ್ನು ಪರೀಕ್ಷಿಸಿದರು. ಅವು ಹೊಸದಾಗಿ ಉಜ್ಜಿ ಹೊಳೆಯಿಸಿದ ಗಾಜಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತಿದ್ದವು. ಮುಂದೆ ಡೆನ್ನಿಸ್ ಟೇಲರ್ ಎಂಬ ಲೆನ್ಸ್ ತಜ್ಞರೂ ಕಳೆಗುಂದಿದ ಹಳೆಯ ಮಸೂರಗಳು ಹೊಸವಕ್ಕಿಂತ ವಾಸಿ ಎಂಬುದನ್ನು ಗಮನಿಸಿ, ರಾಸಾಯನಿಕ ಹಚ್ಚಿ ಗಾಜನ್ನು ಬೇಕೆಂದೇ ಮಾಸಿಸುವ ವಿಧಾನಕ್ಕೆ 1904ರಲ್ಲಿ ಪೇಟೆಂಟ್ ಪಡೆದರು. 1935ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ನಿರ್ವಾತದಲ್ಲಿ ಆವಿಯಾಗಿಸಿದ ವಸ್ತುವನ್ನು ಗಾಜಿನ ಮೇಲೆ ಕೂರಿಸುವ ದಾರಿ ಕಂಡುಕೊಂಡರು. ಅದು ಕೆಲವು ವರ್ಷ ಜರ್ಮನ್ ಸೈನ್ಯದ ಗುಟ್ಟಾಗಿಯೇ ಉಳಿಯಿತು. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಕ್ಯಾಥರೀನ್ ಬ್ಲಾಜೆಟ್ 1938ರಲ್ಲಿ, ಒಂದೊಂದು ಅಣುವಿನಷ್ಟೇ ದಪ್ಪದ 44 ಪದರಗಳನ್ನು ಗಾಜಿಗೆ ಹಚ್ಚಿ, ಗಾಜು ಇದೆಯೋ ಇಲ್ಲವೋ ಎನ್ನುವಂತೆ ಮಾಡಿ ತೋರಿಸಿದರು. ಆ ಪದರ ಒಂದು ಬಗೆಯ ಸಾಬೂನು; ಒರೆಸಿದರೆ ಹೋಗುತ್ತಿತ್ತು, ಅಷ್ಟೇ ತೊಂದರೆ.

ಒಳಗಿನ ಮರ್ಮ ಇಷ್ಟು. ಲೇಪದ ಮೇಲ್ಮೈಯಿಂದ ಒಂದಿಷ್ಟು ಬೆಳಕು ಮರಳುತ್ತದೆ, ಲೇಪದ ತಳದಿಂದ ಇನ್ನೊಂದಿಷ್ಟು. ಲೇಪದ ದಪ್ಪ ಬೆಳಕಿನ ಅಲೆಯುದ್ದದ ಕಾಲು ಪಾಲು, ಅಂದರೆ ಸುಮಾರು 100 ನ್ಯಾನೋಮೀಟರ್ ಇದ್ದರೆ, ಈ ಎರಡು ಅಲೆಗಳು ಏರಿಗೆ ಇಳಿತ ಎದುರಾಗಿ ಒಂದನ್ನೊಂದು ನುಂಗಿಹಾಕುತ್ತವೆ. ಆದರೆ ಒಂದೊಂದು ಬಣ್ಣದ ಅಲೆಯುದ್ದ ಒಂದೊಂದು. ಈಗ ಹಲವು ಪದರಗಳನ್ನು ಒಂದರ ಮೇಲೊಂದು ಕೂರಿಸಿದರೂ ಎಲ್ಲ ಬಣ್ಣವನ್ನೂ ಸಮನಾಗಿ ತಡೆಯಲು ಆಗುವುದಿಲ್ಲ. ಹೊಸ ಕನ್ನಡಕ ಕೈಗೆ ಬಂದ ಕೂಡಲೇ ನಾವು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು, ಆ ಉದ್ದನೆಯ ಬಿಳಿ ಗೆರೆ ಲೆನ್ಸಿನಲ್ಲಿ ಹಸಿರಾಗಿ ಕಂಡರೆ ಕೋಟಿಂಗ್ ಅಸಲಿ ಎಂದು ತಲೆಯಾಡಿಸುತ್ತೇವಲ್ಲ, ಆ ಹಸಿರು ಲೇಪಕ್ಕೆ ನುಂಗಲಾಗದೆ ಉಳಿದ ಬೆಳಕು. ಅದರ ಪಾಲಿನ ಕೆಲಸ ಎಲ್ಲಿ ಬಾಕಿಯಿದೆಯೋ ಅದನ್ನೇ ನಾವು ಗುಣಮಟ್ಟದ ಮುದ್ರೆ ಎಂದು ಸ್ವೀಕರಿಸುತ್ತೇವೆ. ಅಂಗಡಿಯವರಿಗೂ ಇದು ಅನುಕೂಲ. ಏನೂ ಕಾಣದ ಲೇಪಕ್ಕೆ ದುಡ್ಡು ಕೇಳುವುದು ಅವರಿಗೂ ಕಷ್ಟವೇ.

ಇದನ್ನೆಲ್ಲ ಭಾವನವರಿಗೆ ವಿವರಿಸಿದೆ. ಅವರು ವ್ಯಾಸರಾಯರನ್ನು ಎಳೆದು ತಂದರು. ವಿಜಯನಗರದ ಆ ಯತಿಗಳು ಕಣ್ಣಿಗೆ ಗಾಜು ಇಟ್ಟುಕೊಂಡು ಓದುತ್ತಿದ್ದರೆಂದು ಅವರ ಚರಿತ್ರೆ ಬರೆದ ಸೋಮನಾಥ ಕವಿ ಹೇಳಿದ್ದಾನೆ. ‘ಅವರ ಗಾಜಿಗೆ ಯಾವ ಕೋಟಿಂಗ್ ಇತ್ತು? ಅಷ್ಟೆಲ್ಲ ಗ್ರಂಥ ಬರೆಯಲಿಲ್ಲವೇ?’ ಎಂದರು. ‘ಬರೆದರು, ಆದರೆ ಅವರು ರಾತ್ರಿ ಮೈಸೂರು ರಸ್ತೆಯಲ್ಲಿ ಕಾರು ಓಡಿಸಬೇಕಿರಲಿಲ್ಲ’ ಎಂದೆ.

ಆ ರಸ್ತೆಯ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ರಾತ್ರಿ ಎದುರಿನ ಲಾರಿಯ ದೀಪ ಲೆನ್ಸಿನ ಎರಡು ಮೈಗಳ ನಡುವೆ ಪುಟಿದು, ನಿಜವಾದ ದೀಪದ ಪಕ್ಕ ಮಂಕಾದ ಸುಳ್ಳು ದೀಪವೊಂದನ್ನು ತೋರಿಸುತ್ತದೆ. ಆಂಟಿಗ್ಲೇರ್ ಅಳಿಸುವುದು ಆ ಸುಳ್ಳು ದೀಪವನ್ನು ಮಾತ್ರ. ಹೈಬೀಮ್ ಹಾಕಿಕೊಂಡೇ ಬರುವ ಮಹಾನುಭಾವನ ಅಸಲಿ ದೀಪ ಅಷ್ಟೇ ಪ್ರಖರವಾಗಿರುತ್ತದೆ. ಲೆಕ್ಕ ಹಾಕಿದರೆ ಒಂದು ಚೂರು ಹೆಚ್ಚೇ ಒಳಬರುತ್ತದೆ. ಹೆಸರು ಕೇಳಿ ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ರಾತ್ರಿ ಓಡಿಸಲೆಂದು ಮಾರುವ ಹಳದಿ ಕನ್ನಡಕಗಳಂತೂ ಇರುವ ಅಲ್ಪ ಬೆಳಕಿನಲ್ಲೂ ಒಂದಿಷ್ಟನ್ನು ಕಿತ್ತುಕೊಳ್ಳುತ್ತವೆ.

ಇನ್ನು ಹಾರ್ಡ್ ಕೋಟ್. ಗಾಜು ಎಂದು ಬಾಯಲ್ಲಿ ಹೇಳುತ್ತೇವೆ, ಹಾಕಿಕೊಳ್ಳುವುದು ಬಹುಪಾಲು ಪ್ಲಾಸ್ಟಿಕ್ಕನ್ನೇ. ಅಂಗಡಿಯವರು ಸಿ.ಆರ್. ಎನ್ನುವ ಸಾಮಾನ್ಯ ಲೆನ್ಸಿನ ಪೂರ್ಣ ಹೆಸರು ಸಿ.ಆರ್. 39: ಕೊಲಂಬಿಯಾ ರೆಸಿನ್ ಸರಣಿಯ ಮೂವತ್ತೊಂಬತ್ತನೆಯ ಪಾಕ. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳ ಇಂಧನ ಟ್ಯಾಂಕಿಗೆ ಬಳಕೆಯಾದ ಈ ವಸ್ತು 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕನ್ನಡಕದ ಲೆನ್ಸಾಯಿತು. ಹಗುರ, ಬಿದ್ದರೆ ಚೂರಾಗದು, ಆದರೆ ಗೀರು ಬೀಳುತ್ತದೆ. ಮಕ್ಕಳಿಗೆ ಹಾಕಿಸುವ ಪಾಲಿಕಾರ್ಬೊನೇಟ್ ಇನ್ನೂ ಗಟ್ಟಿಮುಟ್ಟು, ಗೀರಿಗೆ ಮಾತ್ರ ಇನ್ನೂ ಮೆದು. ಹಾಗಾಗಿ ಹಾರ್ಡ್ ಕೋಟ್ ಬೇಕೇ ಬೇಕು. ಒಳ್ಳೆಯ ಆಂಟಿಗ್ಲೇರ್ ಕೂರುವುದೂ ಅದರ ಮೇಲೆಯೇ. ಆದ್ದರಿಂದ ಆಂಟಿಗ್ಲೇರ್ ತೆಗೆದುಕೊಂಡವರ ಬಿಲ್ಲಿನಲ್ಲಿ ಹಾರ್ಡ್ ಕೋಟ್ ಬೇರೆ ಸಾಲಾಗಿ ಕಂಡರೆ ‘ಇದೇಕೆ?’ ಎಂದು ಕೇಳುವುದು ನ್ಯಾಯ. ಯು.ವಿ.ಯೂ ಹಾಗೆಯೇ: ಪಾಲಿಕಾರ್ಬೊನೇಟ್ ಯಾರೂ ಹೇಳದಿದ್ದರೂ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ, ಅದಕ್ಕೆ ಮತ್ತೆ ಯು.ವಿ. ಲೇಪ ಹಾಕಿಸುವ ಅಗತ್ಯವಿಲ್ಲ. ಎಣ್ಣೆ ಅಂಟದ ಪದರ ಮಾತ್ರ ನನಗೆ ಇಷ್ಟ. ಆಂಟಿಗ್ಲೇರ್ ಮೇಲೆ ಬೆರಳಿನ ಗುರುತು ಎದ್ದು ಕಾಣುತ್ತದೆ. ಈ ಪದರವಿದ್ದರೆ ಒಂದೇ ಸಲ ಒರೆಸಿದರೆ ಹೋಗುತ್ತದೆ. ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು, ಶಾಯಿ ಹನಿಹನಿಯಾಗಿ ಮುದುಡುವುದನ್ನು ತೋರಿಸುತ್ತಾರಲ್ಲ, ಆ ಆಟದಲ್ಲಿ ಸುಳ್ಳಿಲ್ಲ.

ಸುಳ್ಳಿರುವುದು ಇನ್ನೊಂದು ಆಟದಲ್ಲಿ. ‘ಕಂಪ್ಯೂಟರ್ ಮುಂದೆ ಕೂರುತ್ತೀರಾ ಸರ್?’ ಎಂದು ಕೇಳಿ, ಹೌದೆಂದ ಕೂಡಲೇ ಹುಡುಗ ಡ್ರಾಯರಿನಿಂದ ಸಣ್ಣ ಟಾರ್ಚು ತೆಗೆಯುತ್ತಾನೆ. ಅದರ ನೇರಳೆ ಬೆಳಕನ್ನು ಒಂದು ಬಿಳಿ ಕಾರ್ಡಿನ ಮೇಲೆ ಬಿಟ್ಟರೆ ಅಲ್ಲಿ ಕಲೆ ಮೂಡುತ್ತದೆ; ನಡುವೆ, ಪರದೆಯ ನೀಲಿ ಬೆಳಕನ್ನು ತಡೆಯುತ್ತದೆಂದು ಮಾರುವ ಬ್ಲೂ ಕಟ್ ಲೆನ್ಸು ಹಿಡಿದರೆ ಮೂಡುವುದಿಲ್ಲ. ನೋಡುವವರು ಬೆರಗಾಗುತ್ತಾರೆ. ಇಂಥ ಟಾರ್ಚುಗಳ ಬೆಳಕು ಸಾಮಾನ್ಯವಾಗಿ 405 ನ್ಯಾನೋಮೀಟರ್ ಹತ್ತಿರದ್ದು, ಅತಿನೇರಳೆಯ ಪಕ್ಕದ ಮನೆ. ಮೊಬೈಲು, ಕಂಪ್ಯೂಟರ್ ಪರದೆಗಳ ನೀಲಿ ಹೆಚ್ಚಾಗಿರುವುದು 450ರ ಸುತ್ತ. ಅದರಲ್ಲಿ ಬಹುಭಾಗ ಆ ಲೆನ್ಸನ್ನು ದಾಟಿ ಒಳಗೆ ಬರುತ್ತದೆ. ಪರದೆಯ ನೀಲಿಗಿಂತ ಎಷ್ಟೋ ಪಟ್ಟು ಹೆಚ್ಚು ನೀಲಿ ಹಗಲಿನ ಆಕಾಶದಿಂದಲೇ ನಮ್ಮ ಕಣ್ಣಿಗೆ ಬೀಳುತ್ತದೆ ಎಂಬುದು ಬೇರೆ ಮಾತು. 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ 2023ರಲ್ಲಿ ಪ್ರಕಟವಾದ, ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ, ಕಂಪ್ಯೂಟರ್ ಕೆಲಸದ ಕಣ್ಣಿನ ಆಯಾಸ ಕಡಿಮೆ ಮಾಡುವುದರಲ್ಲಿ ಈ ಲೆನ್ಸುಗಳು ಸಾದಾ ಲೆನ್ಸಿಗಿಂತ ಮೇಲೆಂದು ಕಾಣುವುದಿಲ್ಲ ಎಂದಿತು. ನೀಲಿ ಬೆಳಕಿನ ಭಯ ಹುಟ್ಟಿಸುವ ಜಾಹೀರಾತಿಗಾಗಿ ಬ್ರಿಟನ್ನಿನ ದೊಡ್ಡ ಕನ್ನಡಕ ಕಂಪನಿಯೊಂದಕ್ಕೆ 2017ರಲ್ಲಿ 40,000 ಪೌಂಡ್ ದಂಡ ಬಿದ್ದದ್ದೂ ಉಂಟು. ಪರದೆ ನೋಡುವಾಗ ಕಣ್ಣು ಉರಿಯುವುದು ಮುಖ್ಯವಾಗಿ ನಾವು ರೆಪ್ಪೆ ಬಡಿಯುವುದನ್ನು ಮರೆಯುವುದರಿಂದ. ಆಗಾಗ ತಲೆಯೆತ್ತಿ ಕಿಟಕಿಯಾಚೆ ನೋಡಿ ಎಂಬ ಸಲಹೆಗೆ ಯಾರಿಂದಲೂ ಬಿಲ್ಲು ಮಾಡಲಾಗುವುದಿಲ್ಲ, ಅಲ್ಲವೇ?

ಇಷ್ಟೆಲ್ಲ ತಿಳಿದುಕೊಂಡು, ಬ್ಲೂ ಕಟ್ ಬೇಡ, ಬರೀ ಆಂಟಿಗ್ಲೇರ್ ಕೊಡಿ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಹುಡುಗ ಒಳಗೆ ಹೋಗಿ ವಿಚಾರಿಸಿ ಬಂದ. ‘ಸರ್, ಬರೀ ಆಂಟಿಗ್ಲೇರ್ ಸ್ಟಾಕಿನಲ್ಲಿ ಇಲ್ಲ, ತರಿಸಬೇಕು. ಬ್ಲೂ ಕಟ್ ಇರುವುದಾದರೆ ಸಂಜೆಗೇ ಕೊಡುತ್ತೇವೆ, ಬೆಲೆಯೂ ಕಡಿಮೆ’ ಎಂದ. ಮಾರುಕಟ್ಟೆ ವಾದಕ್ಕೆ ನಿಲ್ಲುವುದಿಲ್ಲ, ಸ್ಟಾಕ್ ತೋರಿಸುತ್ತದೆ. ತರಿಸಿ ಎಂದೆ.

ಹಾಕಿಸಿದ ಮೇಲೆ ಕಾಪಾಡುವುದು ಬೇರೆಯೇ ಕೆಲಸ. ಲೇಪ ಮತ್ತು ಪ್ಲಾಸ್ಟಿಕ್ಕು ಬಿಸಿಗೆ ಹಿಗ್ಗುವ ಪ್ರಮಾಣ ಒಂದೇ ಅಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕನ್ನಡಕ ಮರೆತರೆ ಲೇಪದಲ್ಲಿ ಕೂದಲೆಳೆಯ ಬಿರುಕುಗಳ ಬಲೆ ಏಳುತ್ತದೆ, ಮತ್ತೆ ಅದನ್ನು ಸರಿಮಾಡಲಾಗದು. ಬಿಸಿನೀರಿನಲ್ಲಿ ತೊಳೆಯುವುದೂ ಬೇಡ. ನಮ್ಮ ರಸ್ತೆಗಳ ಧೂಳಿನಲ್ಲಿ ಮರಳಿನ ಕಣಗಳೂ ಇರುವುದರಿಂದ ಒಣಗಿದ ಲೆನ್ಸನ್ನು ಹಾಗೆಯೇ ಉಜ್ಜಿದರೆ ಗೀರು ಖಂಡಿತ. ಮೊದಲು ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಆಮೇಲೆ ಮೃದು ಬಟ್ಟೆ. ಅಂಗಡಿಯವರು ಅದಕ್ಕೆಂದೇ ಡಬ್ಬಿಯೊಳಗೆ ನುಣುಪಾದ ಚೌಕದ ಬಟ್ಟೆಯೊಂದನ್ನು ಮಡಚಿ ಇಟ್ಟುಕೊಡುತ್ತಾರೆ. ನಮ್ಮ ಮನೆಯಲ್ಲಿ ಅದರಿಂದ ಎಲ್ಲರೂ ಮೊಬೈಲ್ ಒರೆಸುತ್ತಾರೆ. ಕನ್ನಡಕಕ್ಕೆ ನನ್ನ ಅಂಗಿಯ ಅಂಚು, ಅಮ್ಮನದಕ್ಕೆ ಅಮ್ಮನ ಸೆರಗು.