ಮೈಲುತುತ್ತಕ್ಕೆ ಕಿವಿ ಇಲ್ಲ

"ಆಳು ಸಿಗಲ್ಲ ಮಾರಾಯ್ರೆ." ಮಲೆನಾಡಿನಲ್ಲಿ ಮಳೆ ನಿಂತರೂ ಈ ಮಾತು ನಿಲ್ಲುವುದಿಲ್ಲ. ತೀರ್ಥಹಳ್ಳಿ ಕಡೆಯ ಮದುವೆ ಪಂಕ್ತಿಯಲ್ಲಿ ಕೋಸಂಬರಿ ಬೀಳುವ ಮೊದಲೇ ಶುರುವಾಗುತ್ತದೆ, ಹೋಳಿಗೆ ಬಂದರೂ ಮುಗಿಯುವುದಿಲ್ಲ. ಪೂರ್ತಿ ವಾಕ್ಯ ಮಾತ್ರ ಯಾರೂ ಹೇಳುವುದಿಲ್ಲ. "ನಾನು ಕೊಡುವ ಕೂಲಿಗೆ ಆಳು ಸಿಗಲ್ಲ" ಅನ್ನುವಷ್ಟರಲ್ಲಿ ಹೋಳಿಗೆ ಮೇಲಿನ ತುಪ್ಪ ಆರಿಹೋಗುತ್ತದೆ, ಅಲ್ವಾ?

ಹಾಗಂತ ಸಾಹುಕಾರರನ್ನು ಸುಮ್ನೆ ಬೈಯಬಾರದು. ಅಡಿಕೆ ರೇಟು ಅವರ ಕೈಯಲ್ಲಿಲ್ಲ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಆದದ್ದೇ ರೇಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲೇಬೇಕು, ಅದಕ್ಕೆ ಹಾಕುವ ಮೈಲುತುತ್ತಕ್ಕೆ ಅಂಗಡಿಯವನು ಹೇಳಿದ್ದೇ ಬೆಲೆ. ಡೀಸೆಲ್ ಬಂಕಿನಲ್ಲಿ ಚೌಕಾಸಿಗೆ ನಿಂತರೆ ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಾನೆ. ಮಳೆ ಜೋರಿದೆ ಅಂತ ಬ್ಯಾಂಕಿನ ಕಂತು ಎರಡು ದಿನ ತಡವಾಗಿ ಬರುವುದಿಲ್ಲ. ಇವಕ್ಕೆ ಯಾವುದಕ್ಕೂ ಕಿವಿ ಇಲ್ಲ. ಇಡೀ ಖರ್ಚಿನ ಲೆಕ್ಕದಲ್ಲಿ ಕಿವಿ ಇರುವುದು ಆಳಿಗೆ ಮಾತ್ರ. "ಈ ಸಲ ಫಸಲು ಕಮ್ಮಿ, ಸ್ವಲ್ಪ ನೋಡ್ಕೊಳಪ್ಪ" ಅಂದರೆ ಅವನಿಗೆ ಕೇಳಿಸುತ್ತದೆ. ಫಸಲು ಚೆನ್ನಾಗಿ ಬಂದ ವರ್ಷ ಯಾಕೋ ಸಾಹುಕಾರರ ಗಂಟಲು ಕಟ್ಟಿರುತ್ತದೆ.

ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯುವಲ್ಲಿಗೆ ಹೋಗಿ ನೋಡಿ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತ ಹೆಂಗಸರು. ಹಸಿ ಅಡಿಕೆ ಚೊಗರಿಗೆ ಬೆರಳೆಲ್ಲ ಕಪ್ಪು. ಕೂಲಿ ಡಬ್ಬದ ಲೆಕ್ಕ. ಡಬ್ಬ ತುಂಬಿತು ಅಂತ ಅವಳು, ಇನ್ನೂ ಹಿಡಿಯುತ್ತೆ ಅಂತ ಯಜಮಾನರು. ಡಬ್ಬವನ್ನು ಒಮ್ಮೆ ಕುಲುಕುತ್ತಾರೆ. ಅಡಿಕೆ ಎರಡು ಬೆರಳು ಕೆಳಗಿಳಿಯುತ್ತದೆ. ಉತ್ಪಾದಕತೆ ಹೆಚ್ಚಿಸುವುದು ಅಂದರೆ ಇದೇ ಇರಬೇಕು.

ಗಂಡು ಹೆಣ್ಣಿಗೆ ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಎಷ್ಟೋ ತೋಟಗಳ ಬೇಲಿ ಗಟ್ಟಿ, ಇನ್ನೂ ಒಳಗೆ ನುಗ್ಗಿಲ್ಲ. ಗಂಡಾಳಿಗೊಂದು ರೇಟು, ಹೆಣ್ಣಾಳಿಗೊಂದು. ಗೊಬ್ಬರದ ಬುಟ್ಟಿ ಮಾತ್ರ ಇಬ್ಬರಿಗೂ ಒಂದೇ ಸೈಜು.

ಪೇಟೆಯವರೇನು ಕಮ್ಮಿಯಿಲ್ಲ. ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿ ಓಪನಿಂಗಿಗೆ ಸಿನಿಮಾ ನಟಿ ಬರುತ್ತಾರೆ, ಅವರ ಹತ್ತಿರ ಚೌಕಾಸಿ ಇಲ್ಲ. ಬೆಳಗ್ಗಿಂದ ನಿಂತೇ ಸೀರೆ ಬಿಡಿಸುವ ಹುಡುಗಿ ಐನೂರು ಜಾಸ್ತಿ ಕೇಳಿದರೆ "ಬಿಸಿನೆಸ್ ಡಲ್ಲಮ್ಮ". ಬಾಗಿಲಲ್ಲಿ "ಕೆಲಸಕ್ಕೆ ಜನ ಬೇಕಾಗಿದ್ದಾರೆ" ಅನ್ನುವ ಬೋರ್ಡು ಮೊದಲು ಕಾಗದದ್ದಿತ್ತು. ಹೇಗೂ ತೆಗೆಯುವುದಿಲ್ಲವಲ್ಲ, ಈಗ ಎಲ್‌ಇಡಿ ಮಾಡಿಸಿದ್ದಾರೆ.

1914ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯಲ್ಲಿ ದಿನಗೂಲಿಯನ್ನು ಹೆಚ್ಚುಕಮ್ಮಿ ದುಪ್ಪಟ್ಟು ಮಾಡಿ 5 ಡಾಲರಿಗೆ ಏರಿಸಿದ. ಧರ್ಮಕ್ಕಲ್ಲ. ಇದ್ದವರು ಬಿಟ್ಟು ಹೋಗಿ, ಹೊಸಬರಿಗೆ ಕಲಿಸಿ ಕಲಿಸಿ ಅವನಿಗೆ ಸಾಕಾಗಿತ್ತು. ಇದನ್ನು ನಮ್ಮ ಕಡೆಯ ಯಜಮಾನರೊಬ್ಬರಿಗೆ ಹೇಳಿದೆ. "ಅವನಿಗೇನು ಅಡಿಕೆ ತೋಟ ಇತ್ತಾ?" ಅಂದರು.

ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಸಂಬಳ ಏರಿಸಲಿಲ್ಲ ಅಂತ ಮೊನ್ನೆ ಮೂರನೇ ಕಂಪನಿ ಬಿಟ್ಟ. "ಹುಡುಗ ಚುರುಕು, ತನ್ನ ಬೆಲೆ ಗೊತ್ತು" ಅಂತ ಊರಿಗೆಲ್ಲ ಹೇಳಿಕೊಂಡು ಬಂದರು. ಅದೇ ವಾರ ಅವರ ಕೊನೆಗೌಡ, ಮರದ ತುದಿಯಲ್ಲಿ ತೂಗಿ ಇನ್ನೊಂದು ಮರ ಹಿಡಿದು ಅಡಿಕೆ ಗೊನೆ ಕೊಯ್ಯುವವನು, ಐವತ್ತು ರೂಪಾಯಿ ಜಾಸ್ತಿ ಕೊಡುವ ಪಕ್ಕದ ತೋಟಕ್ಕೆ ಹೋದ.

"ನೋಡಿ, ಈಗಿನ ಆಳುಗಳಿಗೆ ನಿಯತ್ತೇ ಇಲ್ಲ."