ಅದು ಟರಾಂಟುಲಾ ಅಲ್ಲ, ಬಲೆ ನೋಡಿ

ಮುಂಬಯಿಯ ಬೊರಿವಲಿಯ ಕಾನ್ಹೇರಿ ದಾರಿಯಲ್ಲಿ ಮರಗಳ ನಡುವಿನ ಬಲೆಯಲ್ಲಿ ನೇತಾಡುತ್ತಿದ್ದ ಅಂಗೈಯಗಲದ ಜೇಡವನ್ನು ಒಂದು ಲೇಖನದಲ್ಲಿ ಅದರ ಲೇಖಕರು ಟರಾಂಟುಲಾ (ದಪ್ಪ ಮೈಯ ರೋಮದ ಜೇಡ) ಎಂದಿದ್ದಾರೆ. ಟರಾಂಟುಲಾ ಚಕ್ರದ ಬಲೆ ಹೆಣೆಯುವುದೇ ಇಲ್ಲ. ಬಿಲ, ಪೊಟರೆ ಅದರ ಮನೆ. ವರ್ಣನೆ ನೋಡಿದರೆ ಇದು ನೆಫಿಲಾ ಪಿಲಿಪೆಸ್ ಎಂಬ ಜಾತಿಯ ಬಲೆ ಜೇಡ, ಹೆಣ್ಣು. ಮೈಯೇ 3ರಿಂದ 5 ಸೆಂ.ಮೀ., ಕಪ್ಪು ಕಾಲಿನ ಕೀಲುಗಳಲ್ಲಿ ಹಳದಿ, ಬಿಸಿಲು ಬಿದ್ದರೆ ಎಳೆಗಳು ಹೊಂಬಣ್ಣ. ಅದೇ ಬಲೆಯಲ್ಲಿ ಅರ್ಧ ಸೆಂ.ಮೀ.ನ ಕೆಂಗಂದು ಪುಟಾಣಿ ಕಂಡರೆ ಮರಿ ಅನ್ನಬೇಡಿ, ಗಂಡನಿರಬಹುದು!

ಬಲೆಯ ಜೇಡ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರ ಚಿಹ್ನೆಯಂತೆ ಕೂತಿದ್ದು, ಬಲೆಯಲ್ಲಿ ಬಿಳಿ ಅಂಕುಡೊಂಕು ಹೊಲಿಗೆ ಇದ್ದರೆ ಸಿಗ್ನೇಚರ್ ಸ್ಪೈಡರ್. ಬಲೆಯೇ ಇಲ್ಲದೆ ತೊಗಟೆಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದು, ಮುಟ್ಟಹೋದರೆ ಏಡಿಯಂತೆ ಸರ್ರನೆ ಅಡ್ಡ ಓಡಿದರೆ ಹಂಟ್ಸ್‌ಮನ್ ಜೇಡ.

ಜೇಡ ಯಾವುದೆಂದು ಗುರುತಿಸಲು ಫೋಟೊ ಬೆನ್ನಿನದ್ದೊಂದೇ ಸಾಲದು. ಹೊಟ್ಟೆಯ ಕಡೆಯದ್ದು, ಇಡೀ ಬಲೆಯದ್ದು ಬೇಕು.